ಗ್ಲೂಕೋಸ್ ಬಾಟಲ್ ಹಾಕಿಸುವ ಮುಂಚೆ

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರ ಫಾಲೋ-ಅಪ್ ನೋಡಿಕೊಳ್ಳುವ ನರ್ಸ್ ನಾನು. ಥಿಯೇಟರ್ ಒಳಗಿನ ಸುರಕ್ಷತೆಗೆ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಚೆಕ್‌ಲಿಸ್ಟ್ ಇದೆ. ಡಿಸ್ಚಾರ್ಜ್ ಆದ ಮೇಲೆ? ಮನೆಯವರು, ಬೀದಿ ಕೊನೆಯ ಕ್ಲಿನಿಕ್, ಅಷ್ಟೇ.

ಮೊದಲು ನಾವೂ ಫೋನ್ ಮಾಡಿ ‘ಹೇಗಿದ್ದೀರಿ?’ ಅಂತಲೇ ಕೇಳುತ್ತಿದ್ದೆವು. ಎಲ್ಲರೂ ಆರಾಮೇ! ನಮ್ಮ ಜನ ಫೋನಿನಲ್ಲಿ ಇನ್ನೇನು ಹೇಳುತ್ತಾರೆ? ಹಾಗಾಗಿ ಪ್ರಶ್ನೆಗಳನ್ನೇ ಬದಲಾಯಿಸಿದೆ. ನಿನ್ನೆ ಎಷ್ಟು ಲೋಟ ಕುಡಿದಿರಿ? ಲೋಟ ಕಾಫಿಯದ್ದೋ ನೀರಿನದ್ದೋ? ಕುಡಿದದ್ದು ನಿಂತಿತಾ? ಈಗ ನಾಡಿ ಎಷ್ಟು? ಹೊಟ್ಟೆಯೊಳಗಿನ ಹೊಲಿಗೆ ಸೋರುತ್ತಿದ್ದರೆ ಜ್ವರ, ಹೊಟ್ಟೆನೋವಿಗಿಂತ ಮೊದಲು ನಾಡಿಯೇ ಓಡಬಹುದು. ಕೂತಲ್ಲೇ 120 ದಾಟಿದರೆ ಮಾತಿಲ್ಲ, ತಕ್ಷಣ ಬರಬೇಕು. ಮಧ್ಯಾಹ್ನದ ಕರೆಗೆ ಯಾರೂ ಸಿಗುತ್ತಿರಲಿಲ್ಲ, ಸಂಜೆಗೆ ಹಾಕಿಕೊಂಡೆವು. ಆಗ ಅಡುಗೆ ಮಾಡುವವರೂ ಸಿಗುತ್ತಾರೆ, ನಿಜ ಹೊರಬೀಳುವುದು ಅವರಿಂದಲೇ.

ರಾಜಾಜಿನಗರದ ಒಬ್ಬರ ಹೆಂಡತಿ, ‘ಗಂಜಿನೂ ನಿಲ್ತಿಲ್ಲ ಸಿಸ್ಟರ್, ನಡೆಯುವಾಗ ತೂರಾಡ್ತಾರೆ’ ಅಂದರು. ಫೋನ್ ಅವರಿಗೇ ಕೊಡಿಸಿ, ಎದುರಿಗಿರುವ ಕ್ಯಾಲೆಂಡರ್ ಹೇಗೆ ಕಾಣುತ್ತೆ ಅಂತ ಕೇಳಿದೆ. ‘ಎರಡೆರಡು ಕಾಣ್ತಿದೆ.’ ವಾಂತಿಯಿಂದ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾದ ಲಕ್ಷಣ. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಲುತ್ತದೆ. ತಡವಾದರೆ ಮಿದುಳಿಗೆ ಪೆಟ್ಟು. ಅಷ್ಟರಲ್ಲಿ ಮನೆಯವರು ಹತ್ತಿರದ ಕ್ಲಿನಿಕ್‌ನಲ್ಲಿ ‘ಶಕ್ತಿಗೆ’ ಗ್ಲೂಕೋಸ್ ಹಾಕಿಸಲು ಆಟೋ ಕರೆದಿದ್ದರು. ಗ್ಲೂಕೋಸನ್ನು ಅರಗಿಸಲು ಉಳಿದ ಥಯಾಮಿನ್ ಕೂಡ ಖರ್ಚಾಗುತ್ತದೆ! ಅದೇ ಆಟೋದಲ್ಲಿ ಇಲ್ಲಿಗೆ ಬನ್ನಿ ಅಂದೆ. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಡ್ರಿಪ್. ಕಣ್ಣು ಬೇಗ ಸರಿಹೋಯಿತು, ನಡಿಗೆಗೆ ಸಮಯ ಹಿಡಿಯಿತು.

ಇದಾದ ಮೇಲೆ ಕನ್ನಡದಲ್ಲಿ ಒಂದು ಕಾರ್ಡ್ ಮಾಡಿದೆವು: ಡಾಕ್ಟರೇ, ಇವರಿಗೆ ಹೊಟ್ಟೆಯ ಸರ್ಜರಿಯಾಗಿದೆ, ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಕೊಡಿ. ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯದ್ದು) ಆದವರ ಕಾರ್ಡಿನಲ್ಲಿ ಇನ್ನೊಂದು ಸಾಲು, ನೋವಿನ ಔಷಧಿಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಹುಣ್ಣಾಗುತ್ತದೆ. ಇಷ್ಟೆಲ್ಲ ಬರೆದರೆ ರೋಗಿಗಳು ಹೆದರುತ್ತಾರೆ ಅಂತ ಸರ್ಜನ್ ಒಬ್ಬರು ಗೊಣಗಿದರು. ಹೆದರಿದವರು ಬೇಗ ಫೋನ್ ಮಾಡುತ್ತಾರೆ, ನನಗೆ ಬೇಕಿರುವುದೂ ಅದೇ.

ಪರ್ಸಿನಲ್ಲಿ ಇಟ್ಟುಕೊಳ್ಳಿ ಅಂದರೆ ಯಾರೂ ಇಡುವುದಿಲ್ಲ. ಅದಕ್ಕೇ ಕಾರ್ಡಿನ ಫೋಟೋವನ್ನು ಮನೆಯವರ ವಾಟ್ಸಾಪ್‌ಗೂ ಕಳಿಸುತ್ತೇವೆ. ತಮಿಳು, ಉರ್ದು ಕಾರ್ಡು ಇನ್ನೂ ಆಗಬೇಕು.