ನಿಂಬೆ, ಮೋಸಂಬಿ ತೋಟದಲ್ಲಿ ನುಸಿಯ ಸಮಗ್ರ ಹತೋಟಿ: ಪುಣೆ ಸೀಮೆಯ ಕನ್ನಡಿಗ ಬೆಳೆಗಾರರಿಗೆ

ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಶಿರೂರು, ದೌಂಡ್, ಪುರಂದರ ತಾಲೂಕುಗಳಲ್ಲಿ ನಿಂಬೆ ಅಥವಾ ಮೋಸಂಬಿ ತೋಟ ನೋಡಿಕೊಳ್ಳುತ್ತಿರುವವರು, ಬೇಸಿಗೆಯಲ್ಲಿ ಎಲೆ ಬೂದು ಬಣ್ಣಕ್ಕೆ ತಿರುಗಿದೊಡನೆ ಯಾವ ಔಷಧ ಹೊಡೆಯಬೇಕೆಂದು ಅಂಗಡಿಯಲ್ಲಿ ವಿಚಾರಿಸುವುದು ಸಾಮಾನ್ಯ. ಅದಕ್ಕಿಂತ ಮೊದಲು, ಹಿಂದಿನ ಎರಡು ತಿಂಗಳಲ್ಲಿ ತೋಟಕ್ಕೆ ಏನೇನು ಹೊಡೆದಿದ್ದೇವೆ ಎಂಬುದನ್ನು ನೆನಪಿಸಿಕೊಳ್ಳಬೇಕು. ಎಲೆ ಹೀಗಾಗುವುದಕ್ಕೆ ಸಾಮಾನ್ಯ ಕಾರಣವಾದ ನುಸಿ (ಮೈಟ್ ಎಂಬ, ರಸ ಹೀರುವ ಅತಿ ಚಿಕ್ಕ ಜೀವಿ) ಮಿತಿಮೀರುವುದಕ್ಕೆ ಅನೇಕ ವೇಳೆ ಬೇರೆ ಕೀಟಕ್ಕೆಂದು ಹೊಡೆದ ಔಷಧವೇ ಕಾರಣವಾಗಿರುತ್ತದೆ.

ಮೊದಲು ನುಸಿಯನ್ನು ಗುರುತಿಸಬೇಕು. ಕೆಂಪು ನುಸಿಗಳು ಸುಮಾರು ಅರ್ಧ ಮಿಲಿಮೀಟರ್ ಉದ್ದವಿದ್ದು, ಎಲೆಯ ಮೇಲ್ಭಾಗದಲ್ಲಿ, ಅದರಲ್ಲೂ ನಡುನರದ ಅಕ್ಕಪಕ್ಕದಲ್ಲಿ ರಸ ಹೀರುತ್ತವೆ. ಅಲ್ಲಿ ಮೊದಲು ಬಿಳಿ ಚುಕ್ಕೆಗಳು ಮೂಡಿ, ಬಳಿಕ ಎಲೆ ಮಂಕಾಗಿ ಉದುರುತ್ತದೆ. ತುಕ್ಕು ನುಸಿ ಇನ್ನೂ ಚಿಕ್ಕದು, ಬರಿಗಣ್ಣಿಗೆ ಕಾಣುವುದಿಲ್ಲ. ಅದು ಕಾಯಿಯ ಸಿಪ್ಪೆಯನ್ನು ಕೆಡಿಸುತ್ತದೆ. ಮೋಸಂಬಿಯ ಮೇಲೆ ಕಂದು ಬಣ್ಣವೂ ನಿಂಬೆಯ ಮೇಲೆ ಬೆಳ್ಳಿಯಂಥ ಒರಟು ಪದರವೂ ಕಾಣಿಸುತ್ತವೆ. ಕಲೆ ಕಣ್ಣಿಗೆ ಬೀಳುವ ವೇಳೆಗೆ ನುಸಿ ಬೇರೆಡೆಗೆ ಸರಿದಿರಬಹುದು, ಆದ್ದರಿಂದ ಕಲೆ ನೋಡಿ ಸಿಂಪಡಿಸುವುದು ವ್ಯರ್ಥ.

ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಜೇಬಿನಲ್ಲಿಟ್ಟುಕೊಳ್ಳಿ. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ತೋಟದ ಬೇರೆ ಬೇರೆ ಕಡೆಯ ಹತ್ತು ಮರಗಳಲ್ಲಿ, ನಾಲ್ಕೂ ದಿಕ್ಕಿನ ಬಲಿತ ಎಲೆಗಳನ್ನೂ ಎಳೆಗಾಯಿಗಳನ್ನೂ ಪರೀಕ್ಷಿಸಿ, ನುಸಿಯಿರುವ ಎಲೆಗಳೆಷ್ಟು, ಮಿತ್ರಜೀವಿಗಳಿರುವ ಎಲೆಗಳೆಷ್ಟು ಎಂದು ಎರಡು ಕಾಲಂಗಳಲ್ಲಿ ಬರೆಯಿರಿ. ಹೊಳೆಯುವ, ನೀರಹನಿಯ ಆಕಾರದ, ಚುರುಕಾಗಿ ಓಡಾಡುವ ನುಸಿ ಕಂಡರೆ ಅದು ಶತ್ರುವಲ್ಲ, ಉಳಿದ ನುಸಿಗಳನ್ನು ತಿನ್ನುವ ಪರಭಕ್ಷಕ. ಸಾಸಿವೆಗಿಂತ ದೊಡ್ಡದಲ್ಲದ ಕಪ್ಪು ಗುಲಗಂಜಿ ಹುಳುವೂ ಅದೇ ಕೆಲಸ ಮಾಡುತ್ತದೆ. ಈ ಎರಡನೆಯ ಕಾಲಂ ಏರುತ್ತಿದ್ದರೆ ಪಂಪನ್ನು ಮುಟ್ಟದೆ ಮುಂದಿನ ವಾರದವರೆಗೆ ಕಾಯುವುದೇ ಸರಿ.

ಎಲೆ ಸುರಂಗ ಹುಳು, ಸಿಲ್ಲಾ (ಚಿಗುರಿನ ರಸ ಹೀರುವ ಚಿಕ್ಕ ಕೀಟ) ಮುಂತಾದವುಗಳಿಗೆ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ಪದೇ ಪದೇ ಹೊಡೆದರೆ ಪರಭಕ್ಷಕಗಳು ಸಾಯುತ್ತವೆ, ಕೆಂಪು ನುಸಿ ಉಳಿದುಕೊಂಡು ತಡೆಯಿಲ್ಲದೆ ಹೆಚ್ಚುತ್ತದೆ. ಬಿಸಿ, ಒಣ ಹವೆಯಲ್ಲಿ ಅದರ ಒಂದು ತಲೆಮಾರು ಎರಡು ವಾರದೊಳಗೇ ಮುಗಿಯುತ್ತದೆ. ಹೀಗಾಗಿ ಇತರ ಕೀಟಗಳ ಹತೋಟಿಯನ್ನೂ ನುಸಿಯನ್ನು ಗಮನದಲ್ಲಿಟ್ಟುಕೊಂಡೇ ಯೋಜಿಸಬೇಕು.

ರಸ್ತೆ ಬದಿಯ ಸಾಲುಗಳಲ್ಲಿ ನುಸಿ ಮೊದಲು ಕಾಣುವುದು ಧೂಳಿನಿಂದ. ಆ ದಾರಿಗೆ ನೀರು ಚಿಮುಕಿಸಿ, ಅಂಚಿಗೆ ಗಾಳಿತಡೆ ಮರ ಬೆಳೆಸಿ. ಸಾಲುಗಳ ನಡುವಿನ ಹುಲ್ಲನ್ನು ಪೂರ್ತಿ ಕೆತ್ತದೆ ಒಂದು ಸಾಲು ಬಿಟ್ಟು ಒಂದು ಸಾಲು ಕತ್ತರಿಸಿದರೆ, ಹೂವಿನ ಪರಾಗ ತಿಂದು ಬದುಕುವ ಪರಭಕ್ಷಕ ನುಸಿಗಳಿಗೆ ಆಸರೆ ಸಿಗುತ್ತದೆ. ಹನಿ ನೀರಾವರಿ ಮತ್ತು ಬುಡದ ಹೊದಿಕೆಯಿಂದ ಮರ ಬಾಡದಂತೆ ನೋಡಿಕೊಳ್ಳಿ.

ನುಸಿ ವಾರದಿಂದ ವಾರಕ್ಕೆ ಏರುತ್ತ, ಪರಭಕ್ಷಕ ಕಾಣದೆ ಹೋದಾಗ ಮಾತ್ರ ಸಿಂಪರಣೆ. ಕೆಂಪು ನುಸಿಗೆ ಶೇ. 1ರ ತೋಟಗಾರಿಕಾ ಖನಿಜ ತೈಲ ಉತ್ತಮ. ತುಕ್ಕು ನುಸಿಗೆ ಶೇ. 80ರ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬಳಸಬಹುದು, ಆದರೆ ಗಂಧಕ ಪರಭಕ್ಷಕ ನುಸಿಗಳಿಗೂ ಹಾನಿಕರವಾದ್ದರಿಂದ ಇಡೀ ತೋಟಕ್ಕಲ್ಲ, ಬಾಧೆಯಿರುವ ಭಾಗಕ್ಕಷ್ಟೇ ಹಾಕಿ. ತೈಲ ಮತ್ತು ಗಂಧಕಗಳ ನಡುವೆ ಕನಿಷ್ಠ ಮೂರು ವಾರ ಅಂತರವಿರಲಿ. ಉಷ್ಣಾಂಶ 32 ಡಿಗ್ರಿ ದಾಟಿದಾಗ ಎರಡೂ ಬೇಡ. ಬಹಾರ್ ಹಿಡಿಯಲು, ಅಂದರೆ ಮರ ಒಟ್ಟಿಗೆ ಹೂ ಬಿಡುವಂತೆ ಮಾಡಲು, ನೀರು ನಿಲ್ಲಿಸಿರುವ ಮರಕ್ಕೆ ತೈಲ ಹೊಡೆಯಲೇಬಾರದು, ಎಲೆ ಉದುರುತ್ತದೆ.

ರಾಸಾಯನಿಕ ನುಸಿನಾಶಕ ಕೊನೆಯ ಮಾರ್ಗ. ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿರುವುದನ್ನು ಮಾತ್ರ ಆರಿಸಿ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನು ಪಾಲಿಸಿ, ಒಂದೇ ಗುಂಪಿನದನ್ನು ಬೆನ್ನುಬೆನ್ನಿಗೆ ಹೊಡೆಯಬೇಡಿ. ಆಯ್ಕೆಯಲ್ಲಿ ಗೊಂದಲವಿದ್ದರೆ ಬಾರಾಮತಿ ಅಥವಾ ನಾರಾಯಣಗಾಂವ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾಲ್ಕಾರು ಎಲೆ, ಕಾಯಿಗಳನ್ನು ಕಾಗದದ ಚೀಲದಲ್ಲಿ ಒಯ್ದು ತೋರಿಸಿ. ಸಿಂಪಡಿಸಿದ ಏಳನೆಯ ದಿನ ಅದೇ ಹತ್ತು ಮರಗಳನ್ನು ಮತ್ತೆ ಪರೀಕ್ಷಿಸಿ, ಎರಡೂ ಕಾಲಂಗಳನ್ನು ತುಂಬಿಸಿ.