ಅಡೇನಿಯಂ ಕೊಳೆಯದಂತೆ ಬೆಳೆಸುವುದು ಹೇಗೆ?

ನರ್ಸರಿಯಿಂದ ಹೂಬಿಟ್ಟ ಅಡೇನಿಯಂ (ದಪ್ಪ ಬುಡದ ‘ಮರುಭೂಮಿ ಗುಲಾಬಿ’) ತಂದವರಲ್ಲಿ ಎಷ್ಟೋ ಮಂದಿ ಮೊದಲ ಮಳೆಗಾಲದಲ್ಲೇ ಅದನ್ನು ಕಳೆದುಕೊಳ್ಳುತ್ತಾರೆ. ಗಿಡ ಒಣಗಿ ಸಾಯುವುದು ಅಪರೂಪ, ಬುಡ ಕೊಳೆತು ಸಾಯುವುದೇ ಜಾಸ್ತಿ. ಹಾಗಾಗಿ ಇದನ್ನು ಸಾಕುವವರ ಕಣ್ಣು ಹೂವಿಗಿಂತ ಮೊದಲು ಬುಡದ ಮೇಲಿರಬೇಕು.

ಆ ದಪ್ಪ ಬುಡ ಯಾಕಿದೆ? ಅಡೇನಿಯಂ ಒಬೆಸಂ ಜಾತಿಯ ತವರು ಆಫ್ರಿಕದ ಸೆನೆಗಲ್‌ನಿಂದ ಸೊಮಾಲಿಯಾವರೆಗಿನ ಒಣ ಪಟ್ಟಿ ಮತ್ತು ಅರೇಬಿಯಾ. ಅಲ್ಲಿ ಮಳೆ ಬಂದಷ್ಟು ದಿನ ನೀರನ್ನು ಬುಡದಲ್ಲಿ, ಬೇರಿನಲ್ಲಿ ತುಂಬಿಕೊಳ್ಳುತ್ತದೆ. ಉಳಿದ ತಿಂಗಳು ಎಲೆ ಉದುರಿಸಿ ಸುಮ್ನೆ ನಿಂತುಬಿಡುತ್ತದೆ. ಯೆಮೆನ್‌ನ ಸೊಕೊಟ್ರಾ ದ್ವೀಪದಲ್ಲಿ ಇದರ ಬಳಗದ್ದೇ ಒಂದು ಗಿಡ ಆಳೆತ್ತರ ಮೀರಿ ಮರವಾಗುತ್ತದೆ. ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನದಲ್ಲಿರುವ ಮಲ್ಟಿಫ್ಲೋರಂ ಎಂಬ ಇನ್ನೊಂದು ಜಾತಿ ಚಳಿಗಾಲದಲ್ಲಿ, ಎಲೆಯಿಲ್ಲದ ಬೋಳು ಕೊಂಬೆಯ ಮೇಲೆ ಕೆಂಪಂಚಿನ ಬಿಳಿ ಹೂ ಬಿಡುತ್ತದೆ. ಅಲ್ಲಿನವರು ಅದನ್ನು ಇಂಪಾಲಾ ಲಿಲಿ ಅಂತಾರೆ. ನಮ್ಮಲ್ಲಿ ಸಿಗುವುದು ಬಹುತೇಕ ಒಬೆಸಂ ಮತ್ತು ಅದರ ಮಿಶ್ರತಳಿಗಳು. ದಪ್ಪ ಬುಡ ಬೇಕೆನ್ನುವವರು ಅರೇಬಿಕಂ ಎಂಬ ಬಗೆಯನ್ನು ಹುಡುಕುತ್ತಾರೆ.

ಮೊದಲ ಕೆಲಸ ಮಣ್ಣು ಬದಲಿಸುವುದು. ನರ್ಸರಿಯ ಕುಂಡದಲ್ಲಿ ಹೆಚ್ಚಾಗಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿರುತ್ತದೆ, ಅದು ದಿನಗಟ್ಟಲೆ ಒದ್ದೆಯಾಗಿರುತ್ತದೆ. ಅದನ್ನು ಬೇರಿನಿಂದ ಉದುರಿಸಿ. ದಪ್ಪ ಮರಳು ಅಥವಾ ಸಿಂಡರ್ (ಸುಟ್ಟ ಕಲ್ಲಿದ್ದಲಿನ ಚೂರು) ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಕೆಂಪು ಮಣ್ಣು ಮತ್ತು ಎರೆಗೊಬ್ಬರ ಸೇರಿ ಒಂದು ಪಾಲು ಹಾಕಿ. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ದೂಳು ತೆಗೆಯಿರಿ. ಮೇಲಿಂದ ಸುರಿದ ನೀರು ನೋಡನೋಡುತ್ತಲೇ ಕೆಳಗಿನ ತೂತಿನಿಂದ ಇಳಿಯಬೇಕು. ಇಳಿಯಲಿಲ್ಲ ಅಂದರೆ ಇಟ್ಟಿಗೆ ಚೂರು ಇನ್ನಷ್ಟು ಸೇರಿಸಿ. ಕುಂಡ ಅಗಲವಾಗಿರಲಿ, ಆಳ ಬೇಡ. ನೆಡುವಾಗ ಬುಡವನ್ನು ಹಿಂದಿಗಿಂತ ಒಂದು ಬೆರಳು ಮೇಲಕ್ಕೆ ಕೂರಿಸಿ. ಬೇರಿಗೆ ಗಾಯವಾಗಿದ್ದರೆ ಐದಾರು ದಿನ ನೀರು ಬೇಡ.

ಜಾಗ ತಾರಸಿಯೇ ಸರಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳಬೇಕು. ಬಿಸಿಲು ಕಡಿಮೆಯಾದರೆ ಕೊಂಬೆ ಉದ್ದವಾಗುತ್ತದೆ, ಮೊಗ್ಗು ಬರುವುದಿಲ್ಲ.

ಇನ್ನು ನೀರು. ಮರುಭೂಮಿಯ ಗಿಡ ಅಂತ ಬೇಸಿಗೆಯಲ್ಲಿ ನೀರು ಕಡಿಮೆ ಮಾಡಬೇಡಿ. ಮಾರ್ಚ್‌ನಿಂದ ಮೇವರೆಗೆ ಅದು ಬೆಳೆಯುವ ಕಾಲ. ಮೇಲ್ಮಣ್ಣು ಒಣಗಿದ ಕೂಡಲೇ ಧಾರಾಳವಾಗಿ ಕೊಡಿ. ಮೋಡ ಮುಸುಕಿದ ದಿನಗಳಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಜೂನ್ ಬಂತೆಂದರೆ ಕುಂಡವನ್ನು ಸೂರಿನಡಿ, ಗಾಳಿ ಬೆಳಕು ಬರುವ ಕಡೆ ಇಡಿ. ಕರಾವಳಿ, ಮಲೆನಾಡಿನಲ್ಲಂತೂ ಇದು ಬೇಕೇ ಬೇಕು. ಡಿಸೆಂಬರ್ ಚಳಿಗೆ ಎಲೆ ಉದುರಿದರೆ ಗಾಬರಿಯಾಗಿ ನೀರು ಸುರಿಯಬೇಡಿ, ಅದಕ್ಕೆ ಆಗ ಬೇಕಿರುವುದು ತೀರಾ ಕಡಿಮೆ.

ಗಿಡ ಹೇಗಿದೆ ಅಂತ ತಿಳಿಯಲು ವಾರಕ್ಕೊಮ್ಮೆ ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಚೆನ್ನಾಗಿದೆ. ಮಣ್ಣು ಪೂರ್ತಿ ಒಣಗಿ, ಬುಡ ಎಲ್ಲ ಕಡೆ ಒಂದೇ ಸಮ ಮೆತ್ತಗಾಗಿದ್ದರೆ ಬಾಯಾರಿದೆ. ಮಣ್ಣು ಒದ್ದೆಯಿದ್ದು, ಒಂದೇ ಕಡೆ ಬೆರಳು ಒಳಗಿಳಿದು ಕಂದು ನೀರು ಒಸರಿದರೆ ಅದು ಕೊಳೆ. ತಡಮಾಡದೆ ಗಿಡ ಕಿತ್ತು ಬೇರು ತೊಳೆಯಿರಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಂದು ಭಾಗವನ್ನು ಕೆತ್ತುತ್ತಾ ಹೋಗಿ. ಒಂದೇ ಒಂದು ಕಂದು ಚುಕ್ಕೆ ಉಳಿದರೂ ಕೊಳೆ ಮತ್ತೆ ಹರಡುತ್ತದೆ, ಹಾಗಾಗಿ ಬಿಳಿ ತಿರುಳು ಕಾಣುವವರೆಗೆ ನಿಲ್ಲಿಸಬೇಡಿ. ಗಾಯಕ್ಕೆ ಶಿಲೀಂಧ್ರನಾಶಕ ಪುಡಿ ಹಚ್ಚಿ ನೆರಳಲ್ಲಿ ಇಡಿ. ಗಾಯ ಒಣಗಿ ಗಟ್ಟಿಯಾದ ಮೇಲೆ, ವಾರವೋ ಹತ್ತು ದಿನವೋ ಆಗಲಿ, ಒಣ ಮಿಶ್ರಣದಲ್ಲಿ ನೆಡಿ. ಅರ್ಧ ಬುಡ ಹೋದ ಗಿಡವೂ ಹೀಗೆ ಚಿಗುರುವುದುಂಟು.

ಬುಡ ಕೆತ್ತುವಾಗ, ಕೊಂಬೆ ಸವರುವಾಗ ಕೈಗವಸು ಹಾಕಿಕೊಳ್ಳಿ. ಇದು ಕಣಗಿಲೆಯ ಕುಟುಂಬದ ಗಿಡ, ರಸ ಹೃದಯಕ್ಕೆ ವಿಷ. ಆಫ್ರಿಕದ ಬೇಟೆಗಾರರು ಇದನ್ನು ಬಾಣದ ತುದಿಗೆ ಬಳಿಯುತ್ತಿದ್ದರು. ಪುಟ್ಟ ಮಕ್ಕಳು, ನಾಯಿ, ಆಡು ಇರುವ ಮನೆಯಲ್ಲಿ ಎತ್ತರದಲ್ಲೇ ಇಡಿ.

ಫೆಬ್ರುವರಿ ಕೊನೆಗೆ ಕೊಂಬೆ ಸವರಿದರೆ ಹೊಸ ಚಿಗುರಿನ ತುದಿಯಲ್ಲಿ ಹೂ ಬರುತ್ತದೆ. ಕಸಿ ಗಿಡವಾದರೆ ಕಸಿಯ ಗಂಟಿನ ಕೆಳಗೆ ಬಂದ ಚಿಗುರನ್ನು ಆಗಾಗ ಚಿವುಟುತ್ತಿರಿ. ಹಿಟ್ಟು ತಿಗಣೆಗೆ ಬೇವಿನ ಎಣ್ಣೆ ಸಾಕು.

ಅಪರೂಪಕ್ಕೆ ಜೋಡಿ ಕೊಂಬಿನಂಥ ಕಾಯಿ ಕಟ್ಟುತ್ತದೆ. ಬಲಿತ ಕಾಯಿ ಒಡೆಯುವ ಮೊದಲೇ ದಾರ ಸುತ್ತಿಡಿ. ಇಲ್ಲದಿದ್ದರೆ ಎರಡೂ ತುದಿಗೆ ಕುಚ್ಚಿರುವ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಬೀಜವನ್ನು ಮಲಗಿಸಿ, ಮೇಲೆ ತೆಳುವಾಗಿ ಮರಳು ಉದುರಿಸಿ. ತಾಜಾ ಬೀಜವಾದರೆ ವಾರದೊಳಗೇ ಮೊಳೆಯಬಹುದು. ಹೂವಿನ ಬಣ್ಣ ತಾಯಿ ಗಿಡದ್ದೇ ಬರುತ್ತದೆ ಎನ್ನುವಂತಿಲ್ಲ. ಆದರೆ ದುಂಡನೆಯ ಬುಡ ಬೇಕಿದ್ದರೆ ಕೊಂಬೆ ನೆಟ್ಟ ಗಿಡಕ್ಕಿಂತ ಬೀಜದ ಗಿಡವೇ ಒಳ್ಳೆಯದು.