ನಾಲ್ಕನೇ ಮೂರು: ಚೆಂಗ್ಡುನಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿದ ನನ್ನ ಅನುಭವ

ಚೀನಾದಲ್ಲಿ ಟೀಚರ್ ಆಗಿದ್ದೆ ಅಂದ ತಕ್ಷಣ ಎಲ್ರೂ ಕೇಳೋದು ಎರಡೇ, ಊಟಕ್ಕೆ ಏನ್ ಮಾಡ್ತಿದ್ರಿ, ಭಾಷೆ ಹೇಗ್ ಸಂಭಾಳಿಸಿದ್ರಿ ಅಂತ. ಊಟದ ವಿಷಯ ಆಮೇಲೆ ಹೇಳ್ತೀನಿ. ಭಾಷೆ ವಿಷಯದಲ್ಲಿ ಮಾತ್ರ ನಾನು ಅಂದ್ಕೊಂಡಿದ್ದೇ ಬೇರೆ ಆಗಿದ್ದೇ ಬೇರೆ, ಅಲ್ಲಿ ನನ್ನ ಕೈ ಹಿಡಿದಿದ್ದು ಇಂಗ್ಲಿಷ್ ಅಲ್ಲ, ನಮ್ಮೂರ ಸರ್ಕಾರಿ ಶಾಲೇಲಿ ಕಲಿತ ಕನ್ನಡದ ಲೆಕ್ಕ.

ನನ್ನೂರು ಹೊನ್ನಾವರ. ಬೆಂಗಳೂರಲ್ಲಿ ಆರು ವರ್ಷ ಗಣಿತ ಕಲಿಸಿ, 2018ರ ಆಗಸ್ಟ್‌ನಲ್ಲಿ ಸಿಚುವಾನ್ ಪ್ರಾಂತ್ಯದ ಚೆಂಗ್ಡುಗೆ ಹೋದೆ, ಅಲ್ಲಿನ ಒಂದು ದ್ವಿಭಾಷಾ ಶಾಲೇಲಿ ನಾಲ್ಕನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಗಣಿತ. ಹೋಗೋ ಆಸೆ ಇರೋರಿಗೆ ಮೊದಲೇ ಒಂದು ಮಾತು. ಇಂಗ್ಲಿಷ್ ಟೀಚರ್ ಕೆಲಸಕ್ಕೆ ಅಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾಗಿರೋ ದೇಶದ ಪಾಸ್‌ಪೋರ್ಟೇ ಕೇಳ್ತಾರೆ, ನಮ್ಮಂಥವರಿಗೆ ದಾರಿ ಇರೋದು ಗಣಿತ, ವಿಜ್ಞಾನ, ಯೋಗ ಇಂಥದ್ರಲ್ಲಿ. ಅದಕ್ಕೂ ಡಿಗ್ರಿ ಬೇಕು, ಎರಡು ವರ್ಷದ ಅನುಭವ ಬೇಕು, ಡಿಗ್ರಿ ಸರ್ಟಿಫಿಕೇಟು ಪೊಲೀಸ್ ಕ್ಲಿಯರೆನ್ಸು ಎಲ್ಲ ಅಟೆಸ್ಟ್ ಮಾಡಿಸ್ಬೇಕು, ಆಮೇಲೆ ಝಡ್ ವೀಸಾ, ಅಂದ್ರೆ ಅಲ್ಲಿ ಕೆಲಸ ಮಾಡೋಕೆ ಕೊಡೋ ವೀಸಾ. ಒಬ್ಬ ಏಜೆಂಟ್ ನನಗೆ "ಮೇಡಂ ಬಿಸಿನೆಸ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ್ಮೇಲೆ ಚೇಂಜ್ ಮಾಡಿಸೋಣ" ಅಂದಿದ್ದ. ದಯವಿಟ್ಟು ಆ ಮಾತು ಕೇಳ್ಬೇಡಿ, ಸಿಕ್ಕಿಬಿದ್ರೆ ದಂಡ, ಲಾಕಪ್ಪು, ಗಡೀಪಾರು ಎಲ್ಲ ನಮಗೇ, ಏಜೆಂಟಿಗಲ್ಲ. ಇಳಿದ 24 ಗಂಟೆ ಒಳಗೆ ನಾವಿರೋ ವಿಳಾಸ ಪೊಲೀಸ್ ಸ್ಟೇಷನ್‌ನಲ್ಲಿ ರಿಜಿಸ್ಟರ್ ಮಾಡಿಸ್ಬೇಕು, ಇದನ್ನೂ ಮರೀಬೇಡಿ.

ಕ್ಲಾಸಲ್ಲಿ 26 ಮಕ್ಕಳು. ಮೊದಲನೇ ವಾರವೇ ಒಂದು ತಪ್ಪು ಮಾಡ್ದೆ. ಮಕ್ಕಳ ಹೆಸರು ಬಾಯಿಗೆ ಬರ್ಲಿ ಅಂತ ರಾತ್ರಿಯೆಲ್ಲ ಕೂತು 26 ಕಾರ್ಡ್ ಮಾಡಿ, ಚೆನ್ನಾಗಿ ಕಾಣ್ಲಿ ಅಂತ ಕೆಂಪು ಸ್ಕೆಚ್ ಪೆನ್ನಲ್ಲಿ ಒಂದೊಂದೇ ಹೆಸರು ಬರೆದು ಬೆಳಿಗ್ಗೆ ಡೆಸ್ಕ್ ಮೇಲೆ ಇಟ್ಟೆ. ಒಳಗೆ ಬಂದ ಮಕ್ಕಳು ಕೂರ್ಲೇ ಇಲ್ಲ, ಒಂದು ಹುಡುಗಿ ತನ್ನ ಕಾರ್ಡ್ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ಲು, ನನ್ನ ಜೊತೆಗಿದ್ದ ಚೀನೀ ಟೀಚರ್ ಓಡಿ ಬಂದು ಎಲ್ಲ ಕಾರ್ಡೂ ಎತ್ತಿಟ್ಟುಬಿಟ್ರು. ಬದುಕಿರೋರ ಹೆಸರನ್ನ ಕೆಂಪಲ್ಲಿ ಬರೆಯೋದು ಅಲ್ಲಿ ಅಪಶಕುನ ಅಂತೆ. ನನಗೆ ಹೊಟ್ಟೆ ಕಿವುಚಿದ ಹಾಗಾಯ್ತು. ಅವತ್ತು ಮಧ್ಯಾಹ್ನ ಮಕ್ಕಳು ಮಲಗಿದ್ದಾಗ (ಊಟ ಆದ್ಮೇಲೆ ಪರದೆ ಎಳೆದು ಲೈಟ್ ಆರಿಸಿ ಇಡೀ ಶಾಲೆ ಮಲಗುತ್ತೆ) ನಾವಿಬ್ರೂ ಕೂತು ನೀಲಿ ಇಂಕಲ್ಲಿ 26 ಕಾರ್ಡೂ ಹೊಸದಾಗಿ ಬರೆದ್ವಿ. ಆ ಟೀಚರ್ ಹತ್ರ ನಾನು ಕಲಿತಿದ್ದು ಬಹಳ.

ಈಗ ಲೆಕ್ಕದ ವಿಷಯಕ್ಕೆ ಬರ್ತೀನಿ. ಭಿನ್ನರಾಶಿ ಶುರು ಮಾಡಿದ ದಿನ ನಾನು ಇಂಗ್ಲಿಷಲ್ಲಿ 'ತ್ರೀ ಫೋರ್ತ್ಸ್' ಅಂದೆ, ಅರ್ಧಕ್ಕರ್ಧ ಮಕ್ಕಳು ಮೂರನ್ನ ಕೆಳಗೆ ನಾಲ್ಕನ್ನ ಮೇಲೆ ಬರೆದ್ರು. ಇನ್ನೊಂದು ಸಲ ಹೇಳ್ದೆ, ನಿಧಾನಕ್ಕೆ ಹೇಳ್ದೆ, ಮತ್ತೆ ಅದೇ. ಪಾಪ, ಹಿಂದಿನ ವರ್ಷ ಚೀನೀ ಭಾಷೇಲಿ ಇದೇ ಪಾಠದಲ್ಲಿ ಪೂರ್ತಿ ಅಂಕ ತೆಗೆದ ಮಕ್ಕಳು ಇವು. ಆಮೇಲೆ ಒಬ್ಬ ಹುಡುಗ ಬರೆಯೋದನ್ನ ಅವನ ಪಕ್ಕ ಮಂಡಿಯೂರಿ ಕೂತು ನೋಡ್ದೆ. ಮೊದಲು ಅಡ್ಡಗೆರೆ ಎಳೆದ, ಆಮೇಲೆ ಕೆಳಗಿನ ಸಂಖ್ಯೆ, ಕೊನೇಗೆ ಮೇಲಿನದು. ನಾನು ಮೇಲಿಂದ ಕೆಳಗೆ ಬರೆಯೋಳು, ಅವನು ಕೆಳಗಿಂದ ಮೇಲೆ. ಯಾಕೆ ಅಂದ್ರೆ ಚೀನೀ ಭಾಷೇಲಿ ಅದನ್ನ 'ಸಿ ಫನ್ ಜಿ ಸಾನ್' ಅಂತಾರೆ, ನಾಲ್ಕು ಭಾಗ ಮಾಡಿದ್ರಲ್ಲಿ ಮೂರು ಅಂತ ಅರ್ಥ, ಛೇದ ಮೊದಲು ಅಂಶ ಆಮೇಲೆ. ಅಂದ್ರೆ ಕಿವಿಗೆ ಮೊದಲು ಬಿದ್ದ ಸಂಖ್ಯೆ ಅವನ ಕೈಯಲ್ಲಿ ಕೆಳಗೇ ಹೋಗುತ್ತೆ, ನಾನು 'ತ್ರೀ' ಅಂತ ಶುರು ಮಾಡಿದ್ರೆ ಮೂರು ಕೆಳಗೆ ಹೋಗದೆ ಇನ್ನೆಲ್ಲಿಗೆ ಹೋಗ್ಬೇಕು.

ಆಗ ನನ್ನ ತಲೇಲಿ ನಮ್ಮ ಮೇಷ್ಟ್ರ ದನಿ ಕೇಳಿಸ್ತು ನೋಡಿ, "ನಾಲ್ಕನೇ ಮೂರು, ಐದನೇ ಎರಡು" ಅಂತ. ನಾವೂ ಛೇದನೇ ಮೊದಲು ಹೇಳೋದಲ್ವಾ! ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ನಾನೂ ಇಲ್ಲೇ ಎಡವಿದ್ದೆ, ಅದನ್ನ ಪೂರ್ತಿ ಮರೆತೇಬಿಟ್ಟಿದ್ದೆ. ಕ್ಲಾಸಲ್ಲಿ ಬರೀ ಇಂಗ್ಲಿಷೇ ಮಾತಾಡ್ಬೇಕು ಅನ್ನೋ ನಿಯಮ ಇತ್ತು, ಕೋಆರ್ಡಿನೇಟರ್ ಹತ್ರ ಹೋಗಿ ಎರಡು ವಾರ ನನಗೆ ಬಿಟ್ಟುಕೊಡಿ ಅಂತ ಕೇಳ್ಕೊಂಡೆ. ಕಾಗದದ ಪಟ್ಟಿ ನಾಲ್ಕು ಮಡಿಕೆ ಮಾಡಿಸ್ದೆ, ಮೂರು ಮಡಿಕೆಗೆ ಬಣ್ಣ ಹಚ್ಚಿಸ್ದೆ, ಮೊದಲು ಚೀನೀಯಲ್ಲಿ ಹೇಳಿ ಬರೀರಿ, ಆಮೇಲೆ ಬರೆದಿದ್ದನ್ನೇ ಬೆರಳಿಟ್ಟು ಮೇಲಿಂದ ಕೆಳಗೆ ಇಂಗ್ಲಿಷಲ್ಲಿ ಓದಿ ಅಂದೆ. ಎರಡು ವಾರ ಬೇಕಾಗ್ಲಿಲ್ಲ. ನನ್ನ ಭಾಷೇಲೂ ನಿಮ್ಮ ಹಾಗೇ ಹೇಳೋದು ಅಂತ 'ನಾಲ್ಕನೇ ಮೂರು' ಹೇಳಿಕೊಟ್ಟಿದ್ದಕ್ಕೆ ಅವ್ರಿಗಾದ ಖುಷಿ ಹೇಳೋಕಾಗಲ್ಲ, ಕಾರಿಡಾರಲ್ಲಿ ಸಿಕ್ಕಾಗೆಲ್ಲ "ನಾಲ್ಕನೇ ಮೂಲು, ನಾಲ್ಕನೇ ಮೂಲು" ಅಂತ ಕೂಗ್ತಿದ್ರು.

ದೊಡ್ಡ ಸಂಖ್ಯೆಗಳದ್ದೂ ಇದೇ ಕತೆ. ಅವ್ರಿಗೆ ಹತ್ತು ಸಾವಿರಕ್ಕೆ 'ವಾನ್' ಅಂತ ಬೇರೆ ಹೆಸರೇ ಇದೆ, ಹತ್ತು ಕೋಟಿಗೆ 'ಈ' ಅಂತಾರೆ. 3,50,000 ಅಂದ್ರೆ ನಮಗೆ ಮೂರೂವರೆ ಲಕ್ಷ, ಅವ್ರಿಗೆ 35 ವಾನ್. ಅದನ್ನ ಇಂಗ್ಲಿಷಿಗೆ ತರುವಾಗ ಮಕ್ಕಳು 'ತರ್ಟಿ ಫೈವ್ ಥೌಸಂಡ್' ಅಂದುಬಿಡ್ತಿದ್ವು. ಬೋರ್ಡ್ ಮೇಲೆ ಒಂದೇ ಸಂಖ್ಯೆ ಮೂರು ಸಲ ಬರೆದು ನಮ್ಮ ಹಾಗೆ, ಇಂಗ್ಲಿಷಿನ ಹಾಗೆ, ಅವ್ರು ಹೇಳೋ ಹಾಗೆ ಬೇರೆ ಬೇರೆ ಕಡೆ ಅಲ್ಪವಿರಾಮ ಹಾಕಿ ತೋರಿಸ್ದೆ, ಸಂಖ್ಯೆ ಅದೇ, ಉಸಿರು ತಗೊಳ್ಳೋ ಜಾಗ ಬೇರೆ ಅಂತ.

ಇಂಡಿಯಾದ ಮಕ್ಕಳಿಗೆಲ್ಲ 19ರವರೆಗೆ ಮಗ್ಗಿ ಬಾಯಿಪಾಠ ಅಂತ ಅಲ್ಲಿ ತುಂಬಾ ಜನ ನಂಬ್ತಾರೆ, ಮಕ್ಕಳೂ ಪರೀಕ್ಷೆ ಮಾಡೋಕೆ ಬಂದ್ರು. ಹದಿನೇಳೊಂದ್ಲ ಹದಿನೇಳು ಅಂತ ರಾಗವಾಗಿ ಶುರು ಮಾಡಿ ಹದಿನೇಳೆಂಟ್ಲ ನೂರಾ ಮೂವತ್ತಾರು ದಾಟಿ ಮುಗಿಸೋ ಹೊತ್ತಿಗೆ ಚಪ್ಪಾಳೆ. ಅವ್ರ ಮಗ್ಗಿ 9×9ರವರೆಗೆ ಮಾತ್ರ, ಸಣ್ಣ ಸಂಖ್ಯೆ ಮೊದಲು ಬರೋದನ್ನಷ್ಟೇ ಕಲಿತಾರೆ, ಎಂಟೊಂಬತ್ಲ ಗೊತ್ತಿದ್ರೆ ಒಂಬತ್ತೆಂಟ್ಲ ಬೇರೆ ಬೇಡ, ಹಾಗಾಗಿ ಒಟ್ಟು 45 ಸಾಲು. ಅವ್ರದ್ದು ಬಹಳ ಜಾಣ ಪದ್ಧತಿ ಅಂತ ನನ್ನ ಅಭಿಪ್ರಾಯ.

ಇನ್ನು ಊಟ. ಮೀನು ಮೊಟ್ಟೆ ತಿಂತೀನಿ, ಹಂದಿ ದನ ತಿನ್ನಲ್ಲ. 'ರೋ' ಅಂದ್ರೆ ಮಾಂಸ ಅಂತ ಪುಸ್ತಕದಲ್ಲಿರುತ್ತೆ, ಆದ್ರೆ ಸುಮ್ನೆ ರೋ ಅಂದ್ರೆ ಅಲ್ಲಿ ಹಂದಿಮಾಂಸ ಅಂತಲೇ, ಬೀನ್ಸ್ ಪಲ್ಯದಲ್ಲೂ ಅದರ ಪುಡಿ ಇರುತ್ತೆ, ಅದಕ್ಕೆ 'ಬೂ ಯಾವ್ ರೋಮೊ', ಮಾಂಸದ ಪುಡಿ ಬೇಡ ಅನ್ನೋದನ್ನ ಮೊದಲೇ ಕಲೀರಿ. ಹೆಸರುಕಾಳು ಎಲ್ಲಾ ಕಡೆ ಸಿಗುತ್ತೆ, ತೊಗರಿಬೇಳೆ ಆನ್‌ಲೈನಲ್ಲಿ ತರಿಸ್ತಿದ್ದೆ. ಮೊದಲ ಸಲ ಮಾರ್ಕೆಟ್ಟಲ್ಲಿ ಹುವಾಜ್ಯಾವ್ ಅನ್ನೋ ಅಲ್ಲಿನ ಮಸಾಲೆ ಕಾಳು ಬಾಯಿಗೆ ಹಾಕ್ಕೊಂಡು ನಾಲಿಗೆ ಜುಮ್ ಅಂದಾಗ ಅಲ್ಲೇ ನಿಂತುಬಿಟ್ಟೆ, ನಮ್ಮ ಕಡೆ ಬಂಗಡೆ ಸಾರಿಗೆ ಹಾಕ್ತಾರಲ್ಲ ಜುಮ್ಮನಕಾಯಿ, ಅದೇ ಜಾತಿದು! ಬೆಲೆ ಕೇಳೋದು ಮಾತ್ರ ಕಷ್ಟ, ಸಿಚುವಾನ್ ಜನರ ಬಾಯಲ್ಲಿ ನಾಲ್ಕು, ಹತ್ತು ಅನ್ನೋ ಪದಗಳು ಒಂದೇ ಥರ 'ಸ' ಅಂತ ಕೇಳಿಸುತ್ತೆ, ಆ ಅಜ್ಜಿ ನನ್ನ ಮುಖ ನೋಡಿ ಎರಡು ತೋರುಬೆರಳು ಅಡ್ಡ ಹಾಕಿ ತೋರಿಸಿದ್ರು, ಹತ್ತು ಅಂತ.

ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಕಾಣಲ್ಲ. ಇಡೀ ದೇಶಕ್ಕೆ ಬೀಜಿಂಗ್ ಟೈಮು, ಹಾಗಾಗಿ ಡಿಸೆಂಬರಲ್ಲಿ ಏಳೂವರೆಗೂ ಕತ್ತಲೆ, ಆ ಕತ್ತಲಲ್ಲೇ ಮಕ್ಕಳನ್ನ ಅಜ್ಜ ಅಜ್ಜಿಯರು ಗೇಟ್ ತನಕ ತಂದುಬಿಡ್ತಿದ್ರು. ಅಂಥ ಒಂದು ಬೆಳಿಗ್ಗೆ ನನ್ನ ಗಂಟಲು ಕಟ್ಟಿ ಮಾತೇ ಹೊರಡ್ಲಿಲ್ಲ. ಕಾರ್ಡ್ ನೋಡಿ ಅತ್ತಿದ್ಲಲ್ಲ, ಅದೇ ಹುಡುಗಿ ತನ್ನ ಫ್ಲಾಸ್ಕ್‌ನ ಬಿಸಿನೀರು ಬಗ್ಗಿಸಿ ನನ್ನ ಮೇಜಿನ ಮೇಲೆ ಇಟ್ಟು, ಒಳಗೆ ಜಾಯಿಕಾಯಿ ಥರದ ಒಂದು ಒಣ ಬೀಜ ಹಾಕಿದ್ಲು. 'ಪಾಂಗ್ ದಾ ಹಾಯ್' ಅಂತ ಹೆಸರು, ಗಂಟಲಿಗೆ ಅಂತ ಅಲ್ಲಿನ ಟೀಚರ್‌ಗಳೆಲ್ಲ ಕುಡೀತಾರೆ. ನೋಡ್ತಾ ಇದ್ದ ಹಾಗೇ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ, ಸಿಪ್ಪೆ ಬಿಚ್ಚಿ, ಲೋಟದ ತುಂಬ ಕಂದು ಬಣ್ಣದ ಮೋಡ. ಪೂರ್ತಿ ಕುಡಿಯೋವರೆಗೂ ಅವಳು ಪಕ್ಕದಲ್ಲೇ ನಿಂತಿದ್ಲು, "ಬಿಸಿ ಬಿಸಿನೇ ಕುಡೀರಿ ಲಾವ್‌ಶಿ" (ಲಾವ್‌ಶಿ ಅಂದ್ರೆ ಟೀಚರ್) ಅಂತ ಸನ್ನೆ ಮಾಡ್ತಾ.

2020ರ ಜನವರಿಯಲ್ಲಿ ಅವ್ರ ಹೊಸವರ್ಷದ ರಜೆಗೆ ಹತ್ತು ಬಟ್ಟೆ ತಗೊಂಡು ಊರಿಗೆ ಬಂದೆ. ಆಮೇಲೆ ಕೊರೊನಾ, ಮುಂದಿನದು ನಿಮಗೇ ಗೊತ್ತು. ಮಾರ್ಚ್ 28ರಿಂದ ರೆಸಿಡೆನ್ಸ್ ಪರ್ಮಿಟ್ ಇದ್ದೋರಿಗೂ ಒಳಗೆ ಬಿಡೋದು ನಿಲ್ಲಿಸಿದ್ರು, ನಾನು ವಾಪಸ್ ಹೋಗೋಕಾಗ್ಲೇ ಇಲ್ಲ. ಊರಿಂದಲೇ ಆನ್‌ಲೈನಲ್ಲಿ ಪಾಠ ಮಾಡ್ದೆ. ಎರಡೂವರೆ ಗಂಟೆ ವ್ಯತ್ಯಾಸ, ಅಲ್ಲಿ ಎಂಟೂವರೆ ಕ್ಲಾಸು ಅಂದ್ರೆ ಹೊನ್ನಾವರದಲ್ಲಿ ಬೆಳಿಗ್ಗೆ ಆರು, ಅಮ್ಮ ಅಂಗಳ ಗುಡಿಸೋ ಸದ್ದು ಮೈಕಲ್ಲಿ ಅವ್ರಿಗೆ ಕೇಳಿಸ್ತಿತ್ತು. ಜೂನ್ ತನಕ ಹಾಗೇ ಪಾಠ ಮಾಡಿ ಕಾಂಟ್ರಾಕ್ಟ್ ಮುಗಿಸ್ದೆ. ನನ್ನ ಕುಕ್ಕರು, ಪುಸ್ತಕ, ಚಳಿ ಕೋಟು ಎಲ್ಲ ಅಲ್ಲೇ ಉಳೀತು. ಕೊನೇ ಕ್ಲಾಸಲ್ಲಿ ಆ ಚೀನೀ ಟೀಚರ್ ಎಲ್ಲರಿಗೂ ಒಟ್ಟಿಗೆ ಏನೋ ಹೇಳಿಕೊಟ್ಟಿದ್ರು ಅನ್ಸುತ್ತೆ, ಒಂದೊಂದೇ ಚೌಕದಲ್ಲಿ ಒಂದೊಂದು ಮಗು ಕಾಗದ ಎತ್ತಿ ಹಿಡೀತು, ನೀಲಿ ಇಂಕಲ್ಲಿ ನನ್ನ ಹೆಸರು.